ಅಮ್ಮನ ತಲೆಯೊಳಗಿನ ವೇಳಾಪಟ್ಟಿ

ಸೋಮವಾರ ಬೆಳಿಗ್ಗೆ ಏಳೂವರೆಗೆ ತಟ್ಟೆಗೆ ಬರುವ ಇಡ್ಲಿಯ ಕೆಲಸ ಆರಂಭವಾಗುವುದು ಯಾವಾಗ? ಮಕ್ಕಳನ್ನು ಕೇಳಿದರೆ 'ಏಳು ಗಂಟೆಗೆ' ಎಂದು ಹೇಳಿಯಾರು. ಕೆಲವು ಮನೆಗಳಲ್ಲಿ ಅಪ್ಪಂದಿರ ಉತ್ತರವೂ ಅದೇ ಆಗಿದ್ದರೆ ಆಶ್ಚರ್ಯವಿಲ್ಲ! ಸರಿಯಾದ ಉತ್ತರ ಭಾನುವಾರ ಮಧ್ಯಾಹ್ನ. ಉದ್ದು, ಅಕ್ಕಿ ನಾಲ್ಕೈದು ಗಂಟೆಯಾದರೂ ನೆನೆಯಬೇಕು. ಸಂಜೆ ರುಬ್ಬಬೇಕು. ರುಬ್ಬಿದ ಹಿಟ್ಟು ರಾತ್ರಿಯಿಡೀ ಹುದುಗಬೇಕು. ಉದ್ದಿನಲ್ಲಿಯೇ ಇರುವ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ ಮತ್ತು ಅದರ ಸಂಗಡಿಗರು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ಬಳಸಿಕೊಂಡು ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಉತ್ಪಾದಿಸುತ್ತವೆ. ಅದರಿಂದಲೇ ಹಿಟ್ಟು ಹುಳಿಯಾಗಿ ಉಬ್ಬಿ ಬರುವುದು. ಕರಾವಳಿಯ ಸೆಕೆಯಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ಮಲೆನಾಡಿನ ಚಳಿಗಾಲದಲ್ಲಿ ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿ ಇಟ್ಟು ಕಾಯಬೇಕಾಗುತ್ತದೆ.

ಈ ಸೂಕ್ಷ್ಮಜೀವಿಗಳಿಗೆ ಸಂಬಳವಿಲ್ಲ, ರಜೆಯೂ ಇಲ್ಲ. ಆದರೆ ಅವುಗಳನ್ನು ಅವಸರಪಡಿಸಲು ಯಾರಿಂದಲೂ ಸಾಧ್ಯವಿಲ್ಲ. ಭಾನುವಾರ ಮಧ್ಯಾಹ್ನ ಉದ್ದು ನೆನೆಹಾಕಲು ಮರೆತರೆ ಸೋಮವಾರ ಬೆಳಿಗ್ಗೆ ಎಷ್ಟು ಓಡಾಡಿದರೂ ಇಡ್ಲಿ ಆಗದು. ರುಬ್ಬುವ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಉಬ್ಬಿಸುವುದನ್ನು ಬ್ಯಾಕ್ಟೀರಿಯಾ ಮಾಡುತ್ತದೆ. ನೆನಪಿಟ್ಟುಕೊಳ್ಳುವ ಕೆಲಸ ಮಾತ್ರ ಅಮ್ಮನದಾಗಿಯೇ ಉಳಿದಿದೆ.

ಉದ್ಯೋಗಕ್ಕೆ ಹೋಗುವ ತಾಯಿಯ ಹೊರೆಯ ಬಗ್ಗೆ ಮಾತನಾಡುವಾಗ ಅಡುಗೆ, ಪಾತ್ರೆ, ಬಟ್ಟೆ, ಕಸಮುಸುರೆ ಇವಿಷ್ಟನ್ನೇ ಲೆಕ್ಕಕ್ಕೆ ಹಿಡಿಯುವುದು ರೂಢಿ. ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಇವುಗಳ ಬೆನ್ನಿಗೆ ಕಾಣದ ಇನ್ನೊಂದು ಕೆಲಸವಿದೆ. ಗ್ಯಾಸ್ ಸಿಲಿಂಡರ್ ತಂದು ಎಷ್ಟು ದಿನವಾಯಿತು, ಶನಿವಾರಕ್ಕೆ ಮಗನ ಬಿಳಿ ಸಮವಸ್ತ್ರ ಒಣಗಿದೆಯೇ, ಮಗಳ ವಿಜ್ಞಾನ ಪ್ರಾಜೆಕ್ಟಿಗೆ ಚಾರ್ಟ್ ಹಾಳೆ ತಂದಾಯಿತೇ, ಅತ್ತೆಯವರ ರಕ್ತದೊತ್ತಡದ ಮಾತ್ರೆ ಇನ್ನೆಷ್ಟು ಉಳಿದಿವೆ, ನಾಳೆ ನಲ್ಲಿಯಲ್ಲಿ ನೀರು ಬರುವ ಸರದಿಯೇ? ಗಾರ್ಮೆಂಟ್ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಕುಳಿತಾಗ, ಬ್ಯಾಂಕಿನ ಕೌಂಟರಿನಲ್ಲಿ ಹಣ ಎಣಿಸುವಾಗ, ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಈ ಪಟ್ಟಿ ತಲೆಯೊಳಗೆ ಓಡುತ್ತಲೇ ಇರುತ್ತದೆ.

ಮನೆಗೊಂದು ದಿನಚರಿ ಇದ್ದರೆ ಉದ್ಯೋಗಸ್ಥ ತಾಯಿಗೆ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ. ಆದರೆ ಆ ದಿನಚರಿ ಇರುವುದು ಎಲ್ಲಿ ಎಂದು ಕೇಳುವವರು ಕಡಿಮೆ. ಅದು ತಾಯಿಯ ತಲೆಯಲ್ಲಿ ಮಾತ್ರ ಇದ್ದರೆ ಅವಳ ಕೆಲಸಗಳಿಗೆ ಇನ್ನೊಂದು ಸೇರಿತು ಎಂದೇ ಅರ್ಥ. ಮನೆಯ ಉಳಿದವರ ಕಣ್ಣಿಗೆ ಬಿದ್ದು, ಅವರ ಕೈಗೂ ಬಂದಾಗಲಷ್ಟೇ ಅದರಿಂದ ಉಪಯೋಗ.

ಅಂಕಿ ಅಂಶ ಏನು ಹೇಳುತ್ತದೆ?

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆಯೊಂದನ್ನು ನಡೆಸಿತು. ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗೆ ಪ್ರತಿ ಅರ್ಧ ಗಂಟೆಯಲ್ಲಿ ಯಾರು ಏನು ಮಾಡಿದರು ಎಂದು ಕೇಳಿ ಬರೆದುಕೊಳ್ಳುವುದು ಅದರ ವಿಧಾನ. (ದಿನದ ಆರಂಭವನ್ನು ನಾಲ್ಕು ಗಂಟೆಗೆ ಇಟ್ಟವರಿಗೆ ನಮ್ಮ ಹೆಂಗಸರ ಬೆಳಗಿನ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.) ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು, ಅದೇ ಕೆಲಸದಲ್ಲಿ ತೊಡಗಿದ ಗಂಡಸರು 97 ನಿಮಿಷ. 2024ರಲ್ಲಿ ಸಮೀಕ್ಷೆ ಮತ್ತೆ ನಡೆದಾಗ ಮಹಿಳೆಯರ ಪಾಲು 289 ನಿಮಿಷಕ್ಕೆ ಇಳಿದಿತ್ತು. ಹತ್ತು ನಿಮಿಷ ಕಡಿಮೆಯಾಯಿತೆಂದು ಸಂತೋಷಪಡುವ ಮೊದಲು ಗಂಡಸರ ಲೆಕ್ಕವನ್ನೂ ನೋಡಬೇಕು. ಅದು 88 ನಿಮಿಷಕ್ಕೆ ಇಳಿದಿತ್ತು! ಅಂದರೆ ಹೆಂಗಸರ ಕೈಯಿಂದ ಬಿಟ್ಟುಹೋದ ನಿಮಿಷಗಳನ್ನು ಗಂಡಸರೇನೂ ಎತ್ತಿಕೊಂಡಿರಲಿಲ್ಲ.

289 ನಿಮಿಷವೆಂದರೆ ಐದು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ. ಇದು ಎಲ್ಲ ಮಹಿಳೆಯರ ಸರಾಸರಿಯಾದ್ದರಿಂದ ಹೊರಗೆ ದುಡಿಯುವವರ ಲೆಕ್ಕ ಸ್ವಲ್ಪ ಬೇರೆ ಇದ್ದೀತು. ಆದರೂ ಎಂಟು ಗಂಟೆಯ ಉದ್ಯೋಗ, ಪ್ರಯಾಣ, ಇವುಗಳ ಜೊತೆಗೆ ಇದರ ಮುಕ್ಕಾಲು ಪಾಲು ಸೇರಿದರೂ ನಿದ್ರೆಗೆ ಉಳಿಯುವುದೆಷ್ಟು ಎಂದು ವಿದ್ಯಾರ್ಥಿಗಳೇ ಕೂಡಿ ಕಳೆದು ನೋಡಬಹುದು. ಬಸ್ಸಿನಲ್ಲಿ ನಿಂತು ಮಾತ್ರೆ ಎಷ್ಟು ಉಳಿದಿವೆ ಎಂದು ಯೋಚಿಸಿದ ಅರ್ಧ ನಿಮಿಷ ಅರ್ಧ ಗಂಟೆಯ ಇಂಥ ಖಾನೆಗಳಿಗೆ ಸಿಕ್ಕುವುದೂ ಕಷ್ಟ.

ಹನ್ನೊಂದು ಮಕ್ಕಳ ತಾಯಿ

ತಲೆಯೊಳಗಿನ ಪಟ್ಟಿಯನ್ನು ಗೋಡೆಯ ಮೇಲೆ ತಂದ ಒಂದು ಪ್ರಸಿದ್ಧ ಮನೆ ಅಮೆರಿಕದಲ್ಲಿತ್ತು. ಫ್ರಾಂಕ್ ಗಿಲ್ಬ್ರೆತ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ ಕಾರ್ಖಾನೆಗಳಲ್ಲಿ ಕೆಲಸಗಾರರ ಚಲನವಲನಗಳನ್ನು ಅಭ್ಯಾಸ ಮಾಡುತ್ತಿದ್ದವರು. ಇಟ್ಟಿಗೆ ಇಡುವ ಗಾರೆಯವನು ಬಗ್ಗುವ, ತಿರುಗುವ, ಕೈಚಾಚುವ ಒಂದೊಂದು ಚಲನೆಯನ್ನೂ ಎಣಿಸಿ, ಅನಗತ್ಯವಾದುದನ್ನು ಬಿಡಿಸಿ, ಕಡಿಮೆ ಆಯಾಸದಲ್ಲಿ ಕೆಲಸ ಮುಗಿಯುವಂತೆ ಮಾಡುವುದು ಅವರ ವಿದ್ಯೆ. ಲಿಲಿಯನ್ 1915ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದಿದ್ದರು. ಅವರಿಗೆ ಹನ್ನೆರಡು ಮಕ್ಕಳು. ಒಬ್ಬಳು ಚಿಕ್ಕಂದಿನಲ್ಲೇ ಡಿಫ್ತೀರಿಯಾ (ಗಂಟಲಮಾರಿ) ರೋಗದಿಂದ ತೀರಿಕೊಂಡಳು. ಉಳಿದ ಹನ್ನೊಂದು ಮಂದಿಯನ್ನು ಬೆಳೆಸುತ್ತಲೇ ಆಕೆ ವೃತ್ತಿಯನ್ನೂ ನಡೆಸಿದರು.

ಆ ಮನೆಯ ಸ್ನಾನದ ಕೋಣೆಗಳಲ್ಲಿ ಒಂದು ಪಟ್ಟಿ ತೂಗುಹಾಕಿರುತ್ತಿತ್ತು. ಹಲ್ಲುಜ್ಜಿದ್ದು, ಸ್ನಾನ ಮಾಡಿದ್ದು, ತಲೆ ಬಾಚಿದ್ದು, ಹಾಸಿಗೆ ಸರಿಪಡಿಸಿದ್ದು, ಇವುಗಳನ್ನು ಮುಗಿಸಿದ ಮಗು ತಾನೇ ಬಂದು ಅದರಲ್ಲಿ ತನ್ನ ಹೆಸರಿನ ಮೊದಲಕ್ಷರ ಬರೆಯಬೇಕು. ಬರೆಯಲು ಬಲ್ಲ ಮಕ್ಕಳಿಗೆಲ್ಲ ಇದು ನಿಯಮ. ದೊಡ್ಡ ಮಕ್ಕಳಿಗೆ ಒಬ್ಬೊಬ್ಬ ಚಿಕ್ಕ ತಮ್ಮನ ಅಥವಾ ತಂಗಿಯ ಜವಾಬ್ದಾರಿ. ವಾರದ ಕೆಲಸಗಳು ಯಾರಿಗೆ ಎಂಬುದು ಮನೆಮಂದಿಯ ಸಭೆಯಲ್ಲಿ ತೀರ್ಮಾನವಾಗುತ್ತಿತ್ತು. 'ಹಲ್ಲುಜ್ಜಿದೆಯಾ?' ಎಂದು ತಾಯಿ ಹನ್ನೊಂದು ಬಾರಿ ಕೇಳಬೇಕಾದ ಪ್ರಶ್ನೆಯನ್ನು ಗೋಡೆಯ ಮೇಲಿನ ಒಂದು ಹಾಳೆ ಕೇಳುತ್ತಿತ್ತು. ಮಕ್ಕಳು ಇದನ್ನು ಆಟವೆಂದೇ ಭಾವಿಸಿದ್ದರೋ ಹಿಂಸೆಯೆಂದೋ ತಿಳಿಯಬೇಕಾದವರು ಅವರಲ್ಲಿಬ್ಬರು 1948ರಲ್ಲಿ ಪ್ರಕಟಿಸಿದ 'ಚೀಪರ್ ಬೈ ದ ಡಜನ್' ಪುಸ್ತಕವನ್ನು ಓದಬಹುದು. ಬಹಳ ತಮಾಷೆಯಾಗಿದೆ.

1924ರ ಜೂನಿನಲ್ಲಿ ಫ್ರಾಂಕ್ ಹೃದಯಾಘಾತದಿಂದ ಹಠಾತ್ತನೆ ನಿಧನರಾದರು. ಯೂರೋಪಿನಲ್ಲಿ ಅವರು ಭಾಗವಹಿಸಬೇಕಾಗಿದ್ದ ಸಮ್ಮೇಳನಗಳಿಗೆ ಕೆಲವೇ ದಿನಗಳಲ್ಲಿ ಲಿಲಿಯನ್ ಹಡಗು ಹತ್ತಿ ಹೋದರು. ಅಷ್ಟು ಮಕ್ಕಳ ಮನೆಯನ್ನು ಬಿಟ್ಟು ಹೊರಡಲು ಆಕೆಗೆ ಧೈರ್ಯ ಬಂದದ್ದು, ಮನೆಯ ಕ್ರಮ ತಮ್ಮೊಬ್ಬರ ತಲೆಯಲ್ಲಿ ಇರಲಿಲ್ಲವಾದ್ದರಿಂದ. ಹಿಂದಿರುಗಿ ಬಂದ ಮೇಲೆ ಹೆಂಗಸೆಂಬ ಕಾರಣಕ್ಕೆ ಕಾರ್ಖಾನೆಗಳ ಕೆಲಸ ಸಿಗುವುದು ಕಷ್ಟವಾಯಿತು. ಆಗ ಆಕೆ ತಮ್ಮ ವಿದ್ಯೆಯನ್ನು ಅಡುಗೆಮನೆಗೆ ತಿರುಗಿಸಿದರು. ಒಲೆ, ಕಟ್ಟೆ, ಸಾಮಾನಿನ ಕಪಾಟು ಇವುಗಳನ್ನು ಕೈಗೆಟುಕುವಷ್ಟು ಹತ್ತಿರ ಜೋಡಿಸಿ, ಒಂದು ಬಗೆಯ ಕೇಕ್ ಮಾಡಲು ಇಡಬೇಕಾಗಿದ್ದ 281 ಹೆಜ್ಜೆಗಳನ್ನು 45ಕ್ಕೆ ಇಳಿಸಿ ತೋರಿಸಿದರು. ಕಾಲಿನಿಂದ ತುಳಿದು ಮುಚ್ಚಳ ತೆರೆಯುವ ಕಸದ ಡಬ್ಬಿ, ರೆಫ್ರಿಜರೇಟರಿನ ಬಾಗಿಲೊಳಗಿನ ಅರೆಗಳು ಈ ಲಿಲಿಯನ್ ಹೆಸರಿನೊಂದಿಗೆ ಸೇರಿಕೊಂಡಿವೆ. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ಮಾಡಿಕೊಂಡಿತು.

ಒಂದು ಮಾತನ್ನು ಮುಚ್ಚಿಡಬಾರದು. ಆ ಮನೆಯಲ್ಲಿ ಅಡುಗೆಗೆ, ಕೆಲಸಕ್ಕೆ ಆಳುಗಳಿದ್ದರು. ಲಿಲಿಯನ್ ಸ್ವತಃ ಅಡುಗೆಯಲ್ಲಿ ಅಷ್ಟೇನೂ ನಿಪುಣರಲ್ಲ. ಆದ್ದರಿಂದ 'ಹನ್ನೊಂದು ಮಕ್ಕಳ ತಾಯಿಗೆ ಆದದ್ದು ನಿನಗೇಕೆ ಆಗದು?' ಎಂದು ಯಾವ ತಾಯಿಯನ್ನೂ ಕೇಳಲು ಈ ಉದಾಹರಣೆಯನ್ನು ಬಳಸುವುದು ಅನ್ಯಾಯ. ತೆಗೆದುಕೊಳ್ಳಬೇಕಾದದ್ದು ಗೋಡೆಯ ಮೇಲಿನ ಆ ಹಾಳೆಯನ್ನು ಮಾತ್ರ.

ಒಂದು ಬಚ್ಚಲುಮನೆ, ನಾಲ್ಕು ಜನ

ನಮ್ಮ ಮನೆಗಳ ಬೆಳಗಿನ ಗಡಿಬಿಡಿಯನ್ನೇ ಒಂದು ಲೆಕ್ಕವಾಗಿ ಬಿಡಿಸಬಹುದು. ತಂದೆ, ತಾಯಿ, ಇಬ್ಬರು ಮಕ್ಕಳು, ಬಚ್ಚಲುಮನೆ ಒಂದೇ. ಒಬ್ಬೊಬ್ಬರಿಗೆ ಹದಿನೈದು ನಿಮಿಷ ಎಂದರೆ ನಾಲ್ವರಿಗೆ ಸರಿಯಾಗಿ ಒಂದು ಗಂಟೆ. ಆರೂವರೆಯಿಂದ ಏಳೂವರೆಯವರೆಗೆ ಒಂದು ನಿಮಿಷವೂ ಬಿಡುವಿಲ್ಲ. ಮೊದಲನೆಯವನು ಹತ್ತು ನಿಮಿಷ ತಡಮಾಡಿದರೆ ಆ ಹತ್ತು ನಿಮಿಷ ಎರಡನೆಯವರಿಗೆ, ಮೂರನೆಯವರಿಗೆ, ನಾಲ್ಕನೆಯವರಿಗೆ ಹಾಗೆಯೇ ದಾಟುತ್ತದೆ. ಸಿಂಗಲ್ ಲೈನಿನಲ್ಲಿ ಮುಂದಿನ ರೈಲು ತಡವಾದರೆ ಹಿಂದಿನವೆಲ್ಲ ನಿಲ್ಲುವಂತೆ! ಈ ತಡವನ್ನು ಕೊನೆಗೆ ನುಂಗಿಕೊಳ್ಳುವವಳು ತಾಯಿ. ಒಂದೋ ಅವಳು ಐದಕ್ಕೇ ಎದ್ದು ಸ್ನಾನ ಮುಗಿಸಿರುತ್ತಾಳೆ, ಇಲ್ಲವೇ ತಿಂಡಿ ಬಿಟ್ಟು ಬಸ್ಸಿಗೆ ಓಡುತ್ತಾಳೆ.

ಈಗ ಹೈಸ್ಕೂಲಿನ ಹುಡುಗ ಹಿಂದಿನ ಸಂಜೆ ಆಟ ಮುಗಿಸಿ ಬಂದಾಗಲೇ ಸ್ನಾನ ಮಾಡುವುದೆಂದು ಗೊತ್ತುಮಾಡಿದರೆ ಬೆಳಿಗ್ಗೆ ಹದಿನೈದು ನಿಮಿಷ ಖಾಲಿ. ಖರ್ಚಿಲ್ಲ, ಹೊಸ ಯಂತ್ರ ಬೇಕಿಲ್ಲ. ಶಾಲೆಯ ಚೀಲ ತುಂಬುವುದು, ಸಮವಸ್ತ್ರಕ್ಕೆ ಇಸ್ತ್ರಿ ಹಾಕುವುದು, ತರಕಾರಿ ಹೆಚ್ಚುವುದು, ಇವೂ ರಾತ್ರಿಗೆ ಸರಿಯಬಲ್ಲ ಕೆಲಸಗಳೇ. ಸರಿಯಲಾಗದವು ಕೆಲವು ಇವೆ. ಬಿಸಿಬಿಸಿ ಡಬ್ಬಿ ಕಟ್ಟುವುದು ಬೆಳಿಗ್ಗೆಯೇ ಆಗಬೇಕು. ಎರಡನ್ನೂ ಬೇರ್ಪಡಿಸಿಕೊಂಡರೆ ಬೆಳಗಿನ ಅರ್ಧ ಜಗಳ ಕಡಿಮೆಯಾಗುತ್ತದೆ.

ಇನ್ನು ಕೆಲವು ಕೆಲಸಗಳಿಗೆ ಗಡಿಯಾರ ಬೇಕು, ಕೈ ಬೇಕಿಲ್ಲ. ಪ್ರೆಷರ್ ಕುಕ್ಕರ್ ಇದಕ್ಕೆ ಒಳ್ಳೆಯ ಉದಾಹರಣೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯತೊಡಗುತ್ತದೆ. ಅದಕ್ಕಿಂತ ಹೆಚ್ಚು ಬಿಸಿಯಾಗದು. ಕುಕ್ಕರಿನೊಳಗೆ ಒತ್ತಡ ಹೆಚ್ಚಿರುವುದರಿಂದ ಉಷ್ಣತೆ ಸುಮಾರು 120 ಡಿಗ್ರಿಯವರೆಗೆ ಏರುತ್ತದೆ, ಬೇಳೆ ಬೇಗ ಬೇಯುತ್ತದೆ. ಬೇಳೆಯನ್ನು ಮೊದಲೇ ನೆನೆಸಿಟ್ಟಿದ್ದರೆ ಇನ್ನೂ ಬೇಗ. ಒಲೆಯ ಮುಂದೆ ನಿಂತು ಕೈಯಾಡಿಸಬೇಕಾದ ಅಗತ್ಯ ಇಲ್ಲ. ಮೂರು ವಿಶಲ್ ಎಣಿಸಿ ಒಲೆ ಆರಿಸುವುದು ಪತ್ರಿಕೆ ಓದುತ್ತಾ ಕುಳಿತ ತಂದೆಗೂ ಸಾಧ್ಯ! 'ಎಷ್ಟು ಕೂಗಿತು?' ಎಂದು ಬಚ್ಚಲಿನಿಂದ ತಾಯಿ ಕೇಳಿದಾಗ 'ಗಮನಿಸಲಿಲ್ಲ' ಎಂಬ ಉತ್ತರ ಬಾರದಿದ್ದರೆ ಸಾಕು.

ಗಡಿಯಾರವೇ ಇಲ್ಲದ ಮನೆಗಳು

ಎಲ್ಲ ತಾಯಂದಿರ ಕೆಲಸವೂ ಹತ್ತರಿಂದ ಐದು ಅಲ್ಲ. ಆಸ್ಪತ್ರೆಯ ನರ್ಸ್ ಒಂದು ವಾರ ಬೆಳಗಿನ ಪಾಳಿಯಲ್ಲಿ, ಮುಂದಿನ ವಾರ ಮಧ್ಯಾಹ್ನದ ಪಾಳಿಯಲ್ಲಿ, ಅದರ ಮುಂದಿನ ವಾರ ರಾತ್ರಿ ಪಾಳಿಯಲ್ಲಿ ಇರುತ್ತಾರೆ. ಬಸ್ ಕಂಡಕ್ಟರ್, ಪೊಲೀಸ್ ಪೇದೆ ಇವರ ಪಾಡೂ ಹೀಗೆಯೇ. ಇಂಥ ಮನೆಯಲ್ಲಿ 'ಆರೂವರೆಗೆ ಇದು, ಏಳಕ್ಕೆ ಅದು' ಎಂಬ ಪಟ್ಟಿ ಎರಡನೇ ವಾರವೇ ಮುರಿದುಬೀಳುತ್ತದೆ. ಅಲ್ಲಿ ಉಪಯೋಗಕ್ಕೆ ಬರುವುದು ಸಾಲಿನ ದಿನಚರಿ. ಶಾಲೆಯಿಂದ ಬಂದ ಕೂಡಲೇ ಕೈಕಾಲು ತೊಳೆಯುವುದು, ಅನಂತರ ತಿಂಡಿ, ಆಮೇಲೆ ಡಬ್ಬಿ ತೊಳೆದಿಟ್ಟು ಡೈರಿ ತೆರೆಯುವುದು. ಗಂಟೆ ಎಷ್ಟಾದರೂ ಆಗಿರಲಿ, ಅಮ್ಮ ಮನೆಯಲ್ಲಿರಲಿ ಬಿಡಲಿ, ಒಂದಾದ ಮೇಲೊಂದು ಎಂಬ ಸಾಲು ಬದಲಾಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ತಾಯಿ ಹಗಲಿನಲ್ಲಿ ಮಲಗುವ ಹೊತ್ತು ಯಾವುದು ಎಂಬುದನ್ನೂ ಆ ಹಾಳೆಯ ಮೇಲೆ ಬರೆದಿಡುವುದು ಒಳ್ಳೆಯದು. ಹಗಲು ಮಲಗಿದವರನ್ನು ಎಬ್ಬಿಸಲು ನಮ್ಮಲ್ಲಿ ಯಾರೂ ಹಿಂಜರಿಯುವುದಿಲ್ಲ.

ಮನೆಯ ಹೊರಗಿನ ವೇಳೆಯೂ ನೆಟ್ಟಗಿರಬೇಕು. ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ಹಲವು ದಿನಗಳಿಗೊಮ್ಮೆ, ಅದೂ ಎಷ್ಟೋ ಸಲ ಅಪರಾತ್ರಿಯಲ್ಲಿ ಬರುವ ನೀರಿಗಾಗಿ ಕಾದವರಿಗೆ ಇದು ಗೊತ್ತು. ನೀರು ಬರುವ ಹೊತ್ತು ತಿಳಿಯದಿದ್ದರೆ ಯಾವ ದಿನಚರಿಯೂ ನಿಲ್ಲದು. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಕೊಡುವ ವ್ಯವಸ್ಥೆ ಬಂದಾಗ ಅಲ್ಲಿಯ ಹೆಂಗಸರಿಗೆ ನೀರಿನ ಜೊತೆಗೆ ನಿದ್ರೆಯೂ ಸಿಕ್ಕಿತು. ರಾಜ್ಯದ ಶಾಲೆಗಳಲ್ಲಿ 2002ರಿಂದ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಲಕ್ಷಾಂತರ ಮನೆಗಳ ಬೆಳಗಿನಿಂದ ಮಧ್ಯಾಹ್ನದ ಬುತ್ತಿಯ ಚಿಂತೆಯನ್ನು ತೆಗೆಯಿತು. (ಆ ಬಿಸಿಯೂಟ ಬೇಯಿಸುವವರೂ ಬಹುಮಟ್ಟಿಗೆ ತಾಯಂದಿರೇ. ತಮ್ಮ ಮನೆಯ ಒಲೆ ಆರಿಸಿ ಬಂದು ಶಾಲೆಯ ಒಲೆ ಹಚ್ಚುವವರು.) ಹೆಂಗಸರು ಹೆಚ್ಚಾಗಿರುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಅಂಥ ವ್ಯವಸ್ಥೆ ಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿಬರಲು ಬಿಡಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯಿದೆ ವಿಧಿಸಿತು. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಪ್ರಕಟಿಸಿತು. ಇಂಥವು ಇದ್ದ ಕಡೆ ಮನೆಯ ದಿನಚರಿಗೆ ಒಂದು ಆಧಾರ ಸಿಗುತ್ತದೆ. ಇಲ್ಲದ ಕಡೆ ಅಜ್ಜಿಯೋ ಪಕ್ಕದ ಮನೆಯವರೋ ಆ ಜಾಗದಲ್ಲಿರುತ್ತಾರೆ. ಅವರಿಗೆ ಜ್ವರ ಬಂದ ದಿನ ತಾಯಿ ರಜೆ ಹಾಕುತ್ತಾಳೆ.

ಅಕ್ಕನಿಗೆ ಪೊರಕೆ, ತಮ್ಮನಿಗೆ ಬ್ಯಾಟು

ಮನೆಯೊಳಗೆ ಕೆಲಸ ಹಂಚುವಾಗ ಆಗುವ ದೊಡ್ಡ ತಪ್ಪು ಒಂದಿದೆ. ತಾಯಿಯ ಹೊರೆ ಇಳಿಸುತ್ತೇವೆಂದು ಅದನ್ನು ಎತ್ತಿ ಮಗಳ ತಲೆಯ ಮೇಲಿಡುವುದು. ಎಸ್ಸೆಸ್ಸೆಲ್ಸಿಯಲ್ಲಿರುವ ಅಕ್ಕ ಬೆಳಿಗ್ಗೆ ಕಸ ಗುಡಿಸಿ, ಪಾತ್ರೆ ತೊಳೆದು, ತಮ್ಮನಿಗೆ ಡಬ್ಬಿ ಕಟ್ಟಿ ಶಾಲೆಗೆ ಹೋಗುತ್ತಾಳೆ. ಎಂಟನೆಯ ತರಗತಿಯ ತಮ್ಮ ಬ್ಯಾಟು ಹಿಡಿದು ಬಯಲಿಗೆ ಓಡುತ್ತಾನೆ. ದಿನಕ್ಕೆ ಒಂದೂವರೆ ಗಂಟೆಯಂತೆ ಜೂನಿನಿಂದ ಫೆಬ್ರವರಿಯವರೆಗೆ ಲೆಕ್ಕ ಹಾಕಿದರೆ ಅದು ಸುಮಾರು 400 ಗಂಟೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಅಕ್ಕನಿಗೂ ಉಳಿದವರಿಗೂ ಒಂದೇ. ಗೋಡೆಯ ಮೇಲಿನ ಹಾಳೆಯಲ್ಲಿ ಹುಡುಗನ ಹೆಸರು, ತಂದೆಯ ಹೆಸರು ಎಷ್ಟು ಬಾರಿ ಬಂದಿವೆ ಎಂದು ಎಣಿಸಿದರೆ ಮನೆಯ ಸ್ಥಿತಿ ತಿಳಿಯುತ್ತದೆ.

'ಹೇಳಿದರೆ ಮಾಡುತ್ತೇನಲ್ಲ' ಎಂಬುದು ಗಂಡಸರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಹೇಳುವುದೇ ಒಂದು ಕೆಲಸ ಎಂಬುದು ಹೇಳುವವರಿಗೆ ಮಾತ್ರ ಗೊತ್ತು. ತರಕಾರಿ ತರುವುದು ತಂದೆಯ ಪಾಲಿನದೆಂದರೆ, ಈರುಳ್ಳಿ ಮುಗಿದದ್ದನ್ನು ನೋಡುವುದೂ ಅವರ ಪಾಲಿನದೇ. ಚೀಟಿ ಬರೆದು ಕೈಗೆ ಕೊಡಬೇಕಾಗಿ ಬಂದರೆ ಅರ್ಧ ಕೆಲಸ ತಾಯಿಯಲ್ಲಿಯೇ ಉಳಿಯಿತು. ಇಡ್ಲಿಯ ವಿಷಯದಲ್ಲಿ ಹೇಳುವುದಾದರೆ, ಭಾನುವಾರ ಊಟವಾದ ಮೇಲೆ ಉದ್ದು-ಅಕ್ಕಿ ಅಳೆದು ನೆನೆಹಾಕುವುದು ಏಳನೆಯ ತರಗತಿಯ ಹುಡುಗನಿಗೆ ಕಷ್ಟವೇನಲ್ಲ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು ಎಂಬ ಅನುಪಾತವನ್ನು ಅವನು ಗಣಿತದಲ್ಲಿಯೂ ಕಲಿತಿರುತ್ತಾನೆ.

ಅಭ್ಯಾಸವಾಗಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಅದರಲ್ಲಿ ಭಾಗವಹಿಸಿದವರು ದಿನದ ಯಾವುದಾದರೊಂದು ಗೊತ್ತಾದ ಘಟನೆಯ ಬೆನ್ನಿಗೆ, ಉದಾಹರಣೆಗೆ ಬೆಳಗಿನ ತಿಂಡಿಯಾದ ಮೇಲೆ, ಒಂದು ಹೊಸ ಕೆಲಸವನ್ನು ಮಾಡುತ್ತಾ ಬಂದರು. ಅದು ಯೋಚನೆಯಿಲ್ಲದೆ ತಾನಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರ ಲೆಕ್ಕ 254 ದಿನಗಳವರೆಗೂ ಹೋಯಿತು! ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ ಎಂಬುದು ಪಾಲಕರು ಗಮನಿಸಬೇಕಾದ ಅಂಶ. ಮೂರನೆಯ ದಿನ ಮಗ ಮರೆತನೆಂದು ಹಾಳೆಯನ್ನು ಹರಿದುಹಾಕಿ 'ನಾನೇ ಮಾಡಿಕೊಳ್ಳುತ್ತೇನೆ ಬಿಡು' ಎಂದು ತಾಯಿ ಎದ್ದರೆ ಪ್ರಯೋಗ ಅಲ್ಲಿಗೇ ನಿಂತಿತು. ಮರೆತ ದಿನ ಇಡ್ಲಿಯ ಬದಲು ಉಪ್ಪಿಟ್ಟು ತಿನ್ನಬಹುದು. ಅವಲಕ್ಕಿಯೂ ಇದೆ.

ಶಾಲೆ ಪುನರಾರಂಭವಾಗುವ ಜೂನ್ ಮೊದಲ ದಿನ ಹಾಳೆಯನ್ನು ಗೋಡೆಗೆ ಅಂಟಿಸಿದರೆ 66ನೇ ದಿನ ಬರುವುದು ಆಗಸ್ಟ್ ಮೊದಲ ವಾರದಲ್ಲಿ. ಶಾಲೆಗಳಲ್ಲಿ ಸ್ವಾತಂತ್ರ್ಯ ದಿನದ ಕವಾಯತಿನ ತಾಲೀಮು ನಡೆಯುತ್ತಿರುತ್ತದೆ. ಬಿಳಿ ಸಮವಸ್ತ್ರವನ್ನು ಹಿಂದಿನ ರಾತ್ರಿಯೇ ಹುಡುಕಿ ಇಸ್ತ್ರಿ ಮಾಡಿಕೊಂಡವರು ಯಾರು ಎಂಬುದು ಆಗ ತಿಳಿಯುತ್ತದೆ.